ಕಿನ್ನರಿ (ತಂತಿವಾದ್ಯ)

ಕಿನ್ನರಿಯು ಉದ್ದನೆಯ ದಂಡಕ್ಕೆ ಸೋರೆಬುರುಡೆಗಳನ್ನು ಕಟ್ಟಿ ನುಡಿಸುವ ಪ್ರಾಚೀನ ಭಾರತೀಯ ತಂತಿವಾದ್ಯ. ಇದು ದಂಡವೀಣೆಗಳ ಗುಂಪಿಗೆ ಸೇರುತ್ತದೆ. ಈ ಗುಂಪಿನ ವಾದ್ಯಗಳು ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹರಡಿವೆ. ಕರ್ನಾಟಕದಲ್ಲಿ ಕಿನ್ನರಿಯು ಜನಪದ ವಾದ್ಯವಾಗಿ ಉಳಿದುಬಂದಿದೆ.

ರಚನೆ

ದಂಡದ ಮೇಲೆ ತಂತಿಗಳನ್ನು ಬಿಗಿದು, ಸ್ವರಸ್ಥಾನಗಳಿಗಾಗಿ ಮೆಟ್ಟಿಲುಗಳನ್ನು ಕೂರಿಸಲಾಗುತ್ತದೆ. ದಂಡದ ಕೆಳಗಿನ ಬುರುಡೆಗಳು ನಾದವನ್ನು ವರ್ಧಿಸುತ್ತವೆ. ದೇವಗಿರಿಯ ಸೇವುಣ (ಯಾದವ) ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ರಚಿಸಿದ 'ಸಂಗೀತ ರತ್ನಾಕರ'ದಲ್ಲಿ ಲಘ್ವೀ ಮತ್ತು ಬೃಹತೀ ಎಂಬ ಕಿನ್ನರಿಯ ಎರಡು ಬಗೆಗಳನ್ನು ವಿವರಿಸಿದ್ದಾನೆ.

'ವೀಣೆ' ಪದದ ಅರ್ಥ

ಪ್ರಾಚೀನ ಗ್ರಂಥಗಳಲ್ಲಿ 'ವೀಣೆ' ಎಂಬುದು ತಂತಿವಾದ್ಯಗಳೆಲ್ಲಕ್ಕೂ ಸಲ್ಲುತ್ತಿದ್ದ ಸಾಮಾನ್ಯ ಹೆಸರು. ಅಮರಾವತಿಯ ಶಿಲ್ಪಗಳಲ್ಲಿ ಕಾಣುವ ವೀಣೆಯು ಬಿಲ್ಲಿನಂತೆ ಬಾಗಿದ ವಾದ್ಯ. ಸಮುದ್ರಗುಪ್ತನ (4ನೆಯ ಶತಮಾನ) ಚಿನ್ನದ ನಾಣ್ಯಗಳಲ್ಲಿಯೂ ಇದೇ ಬಗೆಯ ವೀಣೆಯಿದೆ. ಇಂದಿನ ಸರಸ್ವತಿ ವೀಣೆಯ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಉಲ್ಲೇಖಗಳನ್ನು ಓದಿದರೆ ತಪ್ಪು ಕಲ್ಪನೆ ಮೂಡುವ ಸಾಧ್ಯತೆಯಿದೆ.

ಏಷ್ಯಾದಲ್ಲಿ ಪ್ರಸಾರ

ವ್ಯಾಪಾರ ಮತ್ತು ಬೌದ್ಧ, ಹಿಂದೂ ಧರ್ಮಗಳ ಪ್ರಸಾರದೊಂದಿಗೆ ಭಾರತದ ವಾದ್ಯಗಳೂ ಹೊರನಾಡುಗಳನ್ನು ತಲುಪಿದವು.

* ದಂಡವೀಣೆ: ಕಾಂಬೋಡಿಯಾದ ಕ್ಸೆ ಡಿಯೆವ್ ಹಾಗೂ ಥಾಯ್ಲೆಂಡಿನ ಫಿನ್ ನಾಮ್ ತಾವ್ ಒಂದೇ ತಂತಿಯ ವಾದ್ಯಗಳು. ವಾದಕನು ಅರ್ಧ ಬುರುಡೆಯನ್ನು ಎದೆಗೆ ಒತ್ತಿ, ಸರಿಸಿ ನಾದವನ್ನು ಬದಲಿಸುತ್ತಾನೆ. 'ಫಿನ್' ಪದವು 'ವೀಣೆ'ಗೆ ಸಂಬಂಧಿಸಿದ್ದೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ.
* ಬಿಲ್ಲಿನಾಕಾರದ ವೀಣೆ: ಮ್ಯಾನ್ಮಾರಿನ ಸೌಂಗ್ ಗೌಕ್ ಈ ವಂಶದ್ದು. ಕಾಂಬೋಡಿಯಾದ ಬಾಯೋನ್ ದೇವಾಲಯದ ಶಿಲ್ಪಗಳಲ್ಲಿಯೂ ಬಾಗಿದ ವೀಣೆಯನ್ನು ನುಡಿಸುವವರಿದ್ದಾರೆ.
* ಐದು ತಂತಿಗಳ ವಾದ್ಯ: ಜಪಾನಿನ ನಾರಾ ನಗರದ ಶೋಸೋಯಿನ್ ಭಂಡಾರದಲ್ಲಿ 8ನೆಯ ಶತಮಾನದ ಐದು ತಂತಿಗಳ ಬೀವಾ ಇದೆ. ಈ ಬಗೆಯ ವಾದ್ಯದ ಮೂಲ ಭಾರತವೆಂದೂ, ಅದು ಮಧ್ಯ ಏಷ್ಯಾ ಮತ್ತು ಚೀನಾದ ಮೂಲಕ ಜಪಾನನ್ನು ತಲುಪಿತೆಂದೂ ಅಭಿಪ್ರಾಯವಿದೆ.

ಕರ್ನಾಟಕದಲ್ಲಿ

12ನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರು ಈ ವಾದ್ಯದಿಂದಲೇ ಬಂದಿದೆ. ಉತ್ತರ ಕರ್ನಾಟಕದ ಕಿನ್ನರಿ ಜೋಗಿಗಳು ಮೂರು ಬುರುಡೆಗಳ ಕಿನ್ನರಿಯನ್ನು ನವಿಲುಗರಿಗಳಿಂದ ಅಲಂಕರಿಸಿ, ಊರೂರು ತಿರುಗುತ್ತ ಮಹಾಭಾರತದ ಕಥೆಗಳನ್ನು ಹಾಡುತ್ತಾರೆ. ಜೋಗಿಯ ವೇಷ ತೊಟ್ಟ ಅರ್ಜುನನ ಕಥೆಯು ಈ ಪರಂಪರೆಯಲ್ಲಿ ಮುಖ್ಯವಾದುದು.

ಉಳಿವು

ಭಾರತದಲ್ಲಿ ಬಿಲ್ಲಿನಾಕಾರದ ವೀಣೆಯು ಶಾಸ್ತ್ರೀಯ ಸಂಗೀತದಿಂದ ಮರೆಯಾಯಿತು. ಮಧ್ಯಪ್ರದೇಶದ ಪರಧಾನ ಸಮುದಾಯದ ಬೀನ್ ಬಾಜಾದಲ್ಲಿ ಮಾತ್ರ ಅದರ ರೂಪ ಉಳಿದಿದೆ. ಮ್ಯಾನ್ಮಾರಿನಲ್ಲಿ ಅದೇ ವಂಶದ ಸೌಂಗ್ ರಾಷ್ಟ್ರೀಯ ವಾದ್ಯವೆಂಬ ಮನ್ನಣೆ ಪಡೆದಿದೆ. ಕಿನ್ನರಿಯನ್ನು ತಯಾರಿಸುವ, ನುಡಿಸುವ ಹಾಗೂ ಅದರೊಂದಿಗೆ ಹಾಡುವ ಕಲೆಯು ಮೌಖಿಕವಾಗಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದಿರುವುದರಿಂದ, ವಾದಕರ ಸಂಖ್ಯೆ ಕುಗ್ಗಿದಂತೆ ವಾದ್ಯದೊಂದಿಗೆ ಕಥನಗಳೂ ಕಣ್ಮರೆಯಾಗುವ ಅಪಾಯವಿದೆ.