ಖೋತಾ ತುಂಬುವ ಆತುರ: 1937ರ ಅಮೆರಿಕದ ಪಾಠ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸಂಸಾರಸ್ಥರ ನೀತಿ. ಮುಗ್ಗಟ್ಟಿನಿಂದ ದೇಶ ಇನ್ನೂ ಚೇತರಿಸಿಕೊಳ್ಳುತ್ತಿರುವಾಗ ಸರ್ಕಾರವೂ ಇದೇ ನೀತಿಯನ್ನು ಪಾಲಿಸಬೇಕೇ? 1937ರಲ್ಲಿ ಅಮೆರಿಕ ಪಾಲಿಸಿತು. ಅದರ ಫಲವನ್ನು ಉಂಡವರು ಲಕ್ಷಾಂತರ ಕಾರ್ಮಿಕರು.

1929ರಲ್ಲಿ ಷೇರುಪೇಟೆ ಕುಸಿದ ನಂತರ ಆವರಿಸಿದ ಮಹಾ ಮುಗ್ಗಟ್ಟು 1933ರ ಹೊತ್ತಿಗೆ ವಿಕೋಪಕ್ಕೆ ಹೋಗಿತ್ತು. ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಆ ವರ್ಷ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 'ನ್ಯೂ ಡೀಲ್' ಕಾರ್ಯಕ್ರಮದಡಿ ರಸ್ತೆ, ಸೇತುವೆ, ಶಾಲಾ ಕಟ್ಟಡಗಳ ನಿರ್ಮಾಣಕ್ಕೆ ಹಣ ಸುರಿದರು. ಇದೇ ರೂಸ್‌ವೆಲ್ಟ್ 1932ರ ಚುನಾವಣೆಯಲ್ಲಿ ಸರ್ಕಾರದ ವೆಚ್ಚವನ್ನು ಶೇ 25ರಷ್ಟು ತಗ್ಗಿಸುವ ಭರವಸೆ ನೀಡಿದ್ದರು. ಖೋತಾ ಬಜೆಟ್ ಅವರಿಗೆ ಅನಿವಾರ್ಯವಾಗಿತ್ತೇ ಹೊರತು ಪ್ರಿಯವಾಗಿರಲಿಲ್ಲ.

1934ರಿಂದ ಮೂರು ವರ್ಷ ಉತ್ಪಾದನೆ ವೇಗವಾಗಿ ಏರಿತು. 1937ರಲ್ಲಿ ನಿರುದ್ಯೋಗ ಸುಮಾರು ಶೇ 14ಕ್ಕೆ ಇಳಿಯಿತು. ಇನ್ನು ಖೋತಾ ಸಾಕು ಎಂದು ಹಣಕಾಸು ಸಚಿವ ಹೆನ್ರಿ ಮಾರ್ಗೆಂಥೌ ಪಟ್ಟು ಹಿಡಿದರು. ರೂಸ್‌ವೆಲ್ಟ್ ಒಪ್ಪಿದರು.

ಪರಿಹಾರ ಕಾಮಗಾರಿಗಳಿಗೆ ಕತ್ತರಿ ಬಿತ್ತು. 1936ರಲ್ಲಿ ಮಾಜಿ ಸೈನಿಕರಿಗೆ ಹಂಚಿದ ದೊಡ್ಡ ಮೊತ್ತದ ಬೋನಸ್ ಮರುವರ್ಷ ಇರಲಿಲ್ಲ. ಸಾಮಾಜಿಕ ಭದ್ರತೆಯ ಹೊಸ ತೆರಿಗೆ 1937ರ ಜನವರಿಯಿಂದ ಜಾರಿಗೆ ಬಂತು. ಕಾರ್ಮಿಕರ ಕೂಲಿಯಿಂದ ಶೇ 1, ಮಾಲೀಕರಿಂದ ಶೇ 1 ವಸೂಲಾಗತೊಡಗಿತು; ಮಾಸಿಕ ಪಿಂಚಣಿ ಆರಂಭವಾದದ್ದು ಮಾತ್ರ 1940ರಲ್ಲಿ. ಇದೇ ಸಮಯಕ್ಕೆ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ಬ್ಯಾಂಕುಗಳು ಮೀಸಲಿಡಬೇಕಾದ ಹಣದ ಪ್ರಮಾಣವನ್ನು ಮೂರು ಹಂತಗಳಲ್ಲಿ ದುಪ್ಪಟ್ಟು ಮಾಡಿತು.

ಲೆಕ್ಕಪತ್ರದಲ್ಲಿ ಇದು ಯಶಸ್ಸೇ. 1936ರ ಹಣಕಾಸು ವರ್ಷದಲ್ಲಿ ಸುಮಾರು 430 ಕೋಟಿ ಡಾಲರ್ ಇದ್ದ ಖೋತಾ 1937ರಲ್ಲಿ 220 ಕೋಟಿಗೆ, 1938ರಲ್ಲಿ 9 ಕೋಟಿಗೆ ಇಳಿಯಿತು. ಆದರೆ ಸರ್ಕಾರ ಹಿಡಿದಿಟ್ಟ ಹಣ ಯಾರದೋ ಸಂಬಳ, ಯಾವುದೋ ಅಂಗಡಿಯ ವ್ಯಾಪಾರ ಆಗಿತ್ತು. ಖಾಸಗಿ ಬಂಡವಾಳ ಆ ತೆರವನ್ನು ತುಂಬಲಿಲ್ಲ. 1937ರ ಮೇ ತಿಂಗಳ ನಂತರ ಒಂದು ವರ್ಷದಲ್ಲಿ ಕೈಗಾರಿಕಾ ಉತ್ಪಾದನೆ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಕುಸಿಯಿತು. 1938ರಲ್ಲಿ ನಿರುದ್ಯೋಗ ಶೇ 19ರ ಆಸುಪಾಸಿಗೆ ಏರಿತು. ವಿರೋಧಿಗಳು ಇದನ್ನು 'ರೂಸ್‌ವೆಲ್ಟ್ ಹಿಂಜರಿತ' ಎಂದು ಕರೆದರು.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1938ರ ಫೆಬ್ರುವರಿಯಲ್ಲಿ ರೂಸ್‌ವೆಲ್ಟರಿಗೆ ಪತ್ರ ಬರೆದು, ವಸತಿ, ರೈಲ್ವೆ ಮುಂತಾದವಕ್ಕೆ ಹಣ ತೊಡಗಿಸಲು ಒತ್ತಾಯಿಸಿದರು. ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ಮನಸ್ಸು ಬದಲಿಸಿ, ಸುಮಾರು 300 ಕೋಟಿ ಡಾಲರ್‌ಗಳ ವೆಚ್ಚ ಮತ್ತು ಸಾಲಕ್ಕೆ ಸಂಸತ್ತಿನ ಒಪ್ಪಿಗೆ ಕೇಳಿದರು. ಜೂನ್ ನಂತರ ಚೇತರಿಕೆ ಮರಳಿತು. ಖೋತಾವೂ ಮರಳಿತು: 1939ರಲ್ಲಿ ಅದು 280 ಕೋಟಿ ಡಾಲರ್ ದಾಟಿತ್ತು.

ಕುಸಿತಕ್ಕೆ ವೆಚ್ಚ ಕಡಿತ ಎಷ್ಟು ಕಾರಣ, ಬ್ಯಾಂಕುಗಳ ಬಿಗಿ ನೀತಿ ಎಷ್ಟು ಕಾರಣ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಎರಡನ್ನೂ ಒಟ್ಟಿಗೇ, ಅಕಾಲದಲ್ಲಿ ಮಾಡಿದ್ದು ಪೆಟ್ಟಾಯಿತೆಂದು ಅನೇಕರು ಒಪ್ಪುತ್ತಾರೆ. 2009ರಲ್ಲಿ ಅಮೆರಿಕ ಮತ್ತೊಂದು ಮುಗ್ಗಟ್ಟಿನಲ್ಲಿದ್ದಾಗ, ಅಧ್ಯಕ್ಷ ಒಬಾಮ ಅವರ ಆರ್ಥಿಕ ಸಲಹೆಗಾರ್ತಿ ಕ್ರಿಸ್ಟಿನಾ ರೋಮರ್ 1937ನ್ನು ನೆನಪಿಸಿ ಎಚ್ಚರಿಸಿದ್ದರು.

ಸರ್ಕಾರ ಸಾಲ ತೀರಿಸಲೇಬೇಕು, ನಿಜ. ಆದರೆ ಜ್ವರ ಬಿಟ್ಟ ದಿನವೇ ರೋಗಿಯನ್ನು ಹೊಲಕ್ಕೆ ಅಟ್ಟಿದರೆ ಸುಗ್ಗಿ ಬೇಗ ಬರುವುದಿಲ್ಲ.