ಕೈಗೆಟುಕದ ಆರು ಡಬ್ಬಿಗಳು

ಅಗ್ನಿನಂದಕದ ಚರಿತ್ರೆಯನ್ನು ರಸಾಯನಶಾಸ್ತ್ರದ ಒಂದು ಅಧ್ಯಾಯವಾಗಿ ಬರೆಯುವುದು ವಾಡಿಕೆ. ಮೊದಲು ಕ್ಷಾರದ ನೀರು, ಆಮೇಲೆ ಸೋಡಾ-ಆಮ್ಲ, ನೊರೆ, ಕಾರ್ಬನ್ ಡೈಆಕ್ಸೈಡ್, ಒಣಪುಡಿ ಎಂದು ಆ ಕಥೆ ಸಾಗುತ್ತದೆ. ಇದರಲ್ಲಿ ತಪ್ಪೇನಿಲ್ಲ, ಮುಖ್ಯವಾದದ್ದೊಂದು ಬಿಟ್ಟುಹೋಗುತ್ತದೆ ಅಷ್ಟೆ. ಜಾರ್ಜ್ ವಿಲಿಯಂ ಮ್ಯಾನ್ಬಿ ಎಂಬ ಇಂಗ್ಲಿಷ್ ಕ್ಯಾಪ್ಟನ್ 19ನೇ ಶತಮಾನದ ಎರಡನೇ ದಶಕದಲ್ಲಿ ರೂಪಿಸಿದ ತಾಮ್ರದ ಪಾತ್ರೆಯಲ್ಲಿ ಇದ್ದದ್ದು ಮೂರು ಗ್ಯಾಲನ್, ಅಂದರೆ ಸುಮಾರು 13.6 ಲೀಟರ್ ಕ್ಷಾರದ ನೀರು, ಅದನ್ನು ಚಿಮ್ಮಿಸಲು ಒತ್ತಿ ತುಂಬಿದ ಗಾಳಿ. ಬೆಂಕಿಗೆ ನೀರು ಸುರಿಯುವುದು ಯಾರಿಗೂ ಹೊಸದಾಗಿರಲಿಲ್ಲ. ಒಬ್ಬನೇ ಹೊತ್ತೊಯ್ಯಬಹುದಾದ ಪಾತ್ರೆ ಹೊಸದು. ಆಗ ಲಂಡನ್ನಿನಲ್ಲಿ ಬೆಂಕಿ ಆರಿಸುವ ತಂಡಗಳನ್ನು ವಿಮಾ ಕಂಪನಿಗಳು ಬೇರೆಬೇರೆಯಾಗಿ ಸಾಕಿಕೊಂಡಿದ್ದವು. ಪ್ರಮುಖ ಕಂಪನಿಗಳ ತಂಡಗಳು ಒಂದುಗೂಡಿದ್ದು 1833ರಲ್ಲಿ. ಪಂಪಿನ ಗಾಡಿ ಬಂದು, ಕೊಳವೆ ಜೋಡಿಸಿ, ಹತ್ತಾರು ಕೈಗಳು ಪಂಪು ಒತ್ತುವಷ್ಟರಲ್ಲಿ ಕಿಟಕಿಯ ಪರದೆಗೆ ಹತ್ತಿದ ಕಿಡಿ ಅಟ್ಟವನ್ನು ಮುಟ್ಟಿರುತ್ತಿತ್ತು. ಮ್ಯಾನ್ಬಿ ಕೊಟ್ಟದ್ದು ಆ ಮೊದಲ ನಿಮಿಷಗಳನ್ನು. ಹಾಗಾಗಿ ಈ ಸಾಧನದ ಬೆಲೆಯನ್ನು ನಿರ್ಧರಿಸುವುದು ಒಳಗಿನ ದ್ರವವಲ್ಲ, ಅದು ಇರುವ ಜಾಗ ಮತ್ತು ಅದಕ್ಕೆ ಸಿಕ್ಕ ಆರೈಕೆ.

ಇದಕ್ಕೆ ಅತಿ ಕ್ರೂರ ಸಾಕ್ಷ್ಯ ಷಿಕಾಗೋದ ಇರಾಕ್ವಾ ಥಿಯೇಟರ್. 1903ರ ನವೆಂಬರ್‌ನಲ್ಲಿ ತೆರೆದ ಆ ರಂಗಮಂದಿರಕ್ಕೆ ಬೆಂಕಿ ತಾಕುವುದೇ ಇಲ್ಲವೆಂದು ಜಾಹೀರಾತು ಮಾಡಿದ್ದರು. ತೆರೆದು ಎರಡು ತಿಂಗಳೂ ಆಗಿರಲಿಲ್ಲ. ಡಿಸೆಂಬರ್ 30ರ ಮಧ್ಯಾಹ್ನದ ಆಟದಲ್ಲಿ ಆರ್ಕ್ ದೀಪವೊಂದರಿಂದ ರಂಗದ ಮಸ್ಲಿನ್ ಪರದೆಗೆ ಬೆಂಕಿ ಹತ್ತಿತು. ಅಲ್ಲಿದ್ದ ಬೆಂಕಿ ಆರಿಸುವ ಸಾಮಗ್ರಿಯೆಂದರೆ ‘ಕಿಲ್‌ಫೈರ್’ ಎಂಬ ಪುಡಿಯ ಆರು ಕೊಳವೆಯಾಕಾರದ ತಗಡಿನ ಡಬ್ಬಿಗಳು. ಅಡುಗೆ ಸೋಡಾವೇ ಹೆಚ್ಚಾಗಿದ್ದ ಆ ಪುಡಿಯನ್ನು ಬೆಂಕಿಯ ಬುಡಕ್ಕೆ ಬೀಸಿ ಎರಚಬೇಕು. ಬೆಂಕಿ ಇದ್ದದ್ದು ತಲೆಯ ಮೇಲೆ, ಎತ್ತರದಲ್ಲಿ. ಎರಚಿದ ಪುಡಿ ವಾಪಸ್ಸು ನೆಲಕ್ಕೇ ಉದುರಿತು. ಸತ್ತವರು 602 ಮಂದಿ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

ಅವರನ್ನು ಕೊಂದದ್ದು ಬೀಗ ಹಾಕಿದ ಬಾಗಿಲುಗಳು, ಅರ್ಧಕ್ಕೇ ಸಿಕ್ಕಿಕೊಂಡ ಅಗ್ನಿನಿರೋಧಕ ಪರದೆ. ಆರು ಡಬ್ಬಿಗಳ ಮೇಲೆ ಇಷ್ಟು ಭಾರ ಹೊರಿಸುವುದೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಬಾಗಿಲಿನ ಪ್ರಶ್ನೆ ಎದ್ದದ್ದು ಪರದೆಯ ಕಿಡಿ ಕೈಮೀರಿದ ಮೇಲೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ತರಬೇತಿಯಿಲ್ಲದವರ ಕೈಗೆ ಅಗ್ನಿನಂದಕದ ಸಿಲಿಂಡರ್ ಕೊಟ್ಟರೆ ಓಡಿಹೋಗಬೇಕಾದವರು ನಿಂತು ಹೋರಾಡುತ್ತಾರೆ. ಇದಕ್ಕೆ ಉತ್ತರವೂ ಜಾಗದಲ್ಲೇ ಇದೆ. ಸಿಲಿಂಡರನ್ನು ಹೊರಬಾಗಿಲ ಬಳಿ ತೂಗುಹಾಕಿದರೆ ಅದನ್ನು ಎತ್ತಿಕೊಳ್ಳಲು ಹೋಗುವವನು ಮೊದಲು ದಾರಿಯತ್ತಲೇ ಹೋಗುತ್ತಾನೆ, ಬೆನ್ನಿಗೆ ಬಾಗಿಲಿಟ್ಟುಕೊಂಡೇ ಬೆಂಕಿಯ ಕಡೆ ತಿರುಗುತ್ತಾನೆ. ಅದೇ ಸಿಲಿಂಡರನ್ನು ಕೋಣೆಯ ಒಳಮೂಲೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ಹಿಂದೆ ಇಟ್ಟರೆ ಆಕ್ಷೇಪ ನಿಜವಾಗುತ್ತದೆ.

ಆರೈಕೆಯ ಮಾತಿಗೆ ಸೋಡಾ-ಆಮ್ಲದ ಯಂತ್ರವನ್ನು ನೋಡಬೇಕು. 19ನೇ ಶತಮಾನದ ಉತ್ತರಾರ್ಧದಿಂದ ಬಹುಕಾಲ ಗೋಡೆಗಳಲ್ಲಿ ಕಾಣಿಸಿದ್ದು ಅದೇ. ತಲೆಕೆಳಗು ಮಾಡಿದರೆ ಸೀಸೆಯ ಗಂಧಕಾಮ್ಲ ಸೋಡಾ ನೀರಿಗೆ ಬೆರೆತು, ಹುಟ್ಟಿದ ಅನಿಲ ನೀರನ್ನು ಹೊರದೂಡುತ್ತಿತ್ತು. ವರ್ಷಕ್ಕೊಮ್ಮೆ ಖಾಲಿ ಮಾಡಿ ತುಂಬಬೇಕಾದ ತಲೆನೋವು ಅದರದ್ದು. ಬಳಸುವ ಕ್ಷಣದವರೆಗೂ ಒಳಗೆ ಒತ್ತಡವೇ ಇರದಿದ್ದರಿಂದ ತುಕ್ಕು ತಿಂದ ಪಾತ್ರೆ ನೋಡಲು ಗಟ್ಟಿಯಾಗಿಯೇ ಇರುತ್ತಿತ್ತು; ಮೂತಿ ಕಟ್ಟಿಕೊಂಡಿದ್ದರೆ ಹಿಡಿದವನ ಕೈಯಲ್ಲೇ ಸಿಡಿಯಬಹುದಿತ್ತು. ಅಮೆರಿಕದಲ್ಲಿ 1969ರಲ್ಲಿ ಇವುಗಳ ತಯಾರಿಕೆ ನಿಂತಿತು. ಈಗಿನ ಪುಡಿಯ ಸಿಲಿಂಡರಿಗೆ ಒತ್ತಡ ತೋರಿಸುವ ಮುಳ್ಳಿದೆ, ಅದು ಹಸಿರಿನಲ್ಲಿದ್ದರೆ ಸಾಕಲ್ಲವೇ ಎನ್ನುವವರಿದ್ದಾರೆ. ಮುಳ್ಳು ಹೇಳುವುದು ಒತ್ತಡವನ್ನು ಮಾತ್ರ. ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿದ್ದರೆ ಅದಕ್ಕೆ ಗೊತ್ತಾಗದು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗಂತೂ ಸಾಮಾನ್ಯವಾಗಿ ಮುಳ್ಳೇ ಇರುವುದಿಲ್ಲ. ತಕ್ಕಡಿಗಿಟ್ಟು, ಅದರ ಮೈಮೇಲೆ ಕೊರೆದ ತೂಕಕ್ಕೆ ಹೋಲಿಸಿದಾಗಲೇ ಅನಿಲ ಸೋರಿದೆಯೋ ಇಲ್ಲವೋ ತಿಳಿಯುವುದು.