ಕರಿಹಲಗೆಯ ಮೇಲಿನ ಒಂದು ತಪ್ಪು

ಪುತ್ತೂರು, ಸುಳ್ಯ, ಕಡಬದ ಕಡೆ ಬಿಸಿಲೆಂದರೆ ಅಡಿಕೆ ಒಣಗಿಸುವ ಅಂಗಳ. ಆ ಬಿಸಿಲನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1954ರಲ್ಲೇ ಸಿದ್ಧವಾಗಿತ್ತು. ನಮ್ಮ ಮಾಡುಗಳನ್ನೇರಲು ದಶಕಗಳು ಹಿಡಿದವು. ಇಂದು ಹೇಳಹೊರಟದ್ದು ಬೇರೊಂದು ಕೋಶದ ಕಥೆ. ಅದರಲ್ಲಿ ನನ್ನ ತಪ್ಪೊಪ್ಪಿಗೆಯೂ ಇದೆ.

‘ಪ್ಲಾಸ್ಟಿಕ್ ವಿದ್ಯುತ್ ಅವಾಹಕ’ ಎಂದು ನಾನು ಬರೆಸಿದ್ದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅದಕ್ಕೂ ಮೊದಲೇ, 1977ರಲ್ಲಿ, ಶಿರಾಕಾವಾ, ಮ್ಯಾಕ್‌ಡಿಯರ್ಮಿಡ್ ಮತ್ತು ಹೀಗರ್ ಅವರು ಪಾಲಿಅಸಿಟಿಲೀನ್ ಎಂಬ ಪಾಲಿಮರಿಗೆ ಅಯೋಡಿನ್ ಸೇರಿಸಿ ವಾಹಕವಾಗಿಸಿದ್ದರು! 2000ದಲ್ಲಿ ಅವರಿಗೆ ನೊಬೆಲ್ ಬಂದಾಗಲೇ ನನಗೆ ತಿಳಿದದ್ದು.

ಇಂತಹ ಇಂಗಾಲದ ಅಣುಗಳ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲೇಳುತ್ತದೆ. ಆದರೆ ತಾನು ಬಿಟ್ಟುಬಂದ ರಂಧ್ರದ ಕೈ ಬಿಡುವುದಿಲ್ಲ. ಈ ಜೋಡಿ ಸುಮಾರು 10 ನ್ಯಾನೊಮೀಟರ್ ಸಾಗುವಷ್ಟರಲ್ಲಿ ಬೇರ್ಪಡದಿದ್ದರೆ ಬೆಳಕು ವ್ಯರ್ಥ. ಆದ್ದರಿಂದ ಎಲೆಕ್ಟ್ರಾನನ್ನು ಸೆಳೆಯುವ ಇನ್ನೊಂದು ವಸ್ತು ಪಕ್ಕದಲ್ಲೇ ಇರಬೇಕು. ಕೊಡಾಕ್ ಸಂಸ್ಥೆಯ ಟ್ಯಾಂಗ್ ಅವರು 1986ರಲ್ಲಿ ಪ್ರಕಟಿಸಿದ ಎರಡು ಪದರಗಳ ಕೋಶದ ಗುಟ್ಟು ಇದೇ. ದಕ್ಷತೆ ಶೇಕಡಾ ಒಂದರಷ್ಟು. (ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಆರಂಭವಾದದ್ದೂ ಅದೇ ವರ್ಷ, ನಮಗೆ ದೊಡ್ಡ ಸುದ್ದಿ ಅದು.) ಎರಡು ವಸ್ತುಗಳನ್ನೂ ಒಟ್ಟಿಗೆ ಬೆರೆಸುವ ಕ್ರಮ ಬಂದಮೇಲೆ ಪ್ರಯೋಗಾಲಯಗಳಲ್ಲಿ ಅದು ಶೇಕಡಾ 19ನ್ನೂ ದಾಟಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ. ಎಸ್. ನಾರಾಯಣ್ ಅವರ ತಂಡವೂ ಪಾಲಿಮರ್ ಕೋಶಗಳನ್ನು ಅಭ್ಯಸಿಸಿದೆ.

ತೇವ ಮತ್ತು ಆಮ್ಲಜನಕ ಈ ಪದರಗಳ ಶತ್ರುಗಳು. ನಮ್ಮ ಆಟಿಯ ಮಳೆಯಲ್ಲಿ ಇವು ಎಷ್ಟು ವರ್ಷ ಬಾಳಿಯಾವು ಎಂಬುದೇ ನನ್ನ ಅಳುಕು.

ಹಳೆಯ ಟಿಪ್ಪಣಿ ಪುಸ್ತಕ ಯಾರಲ್ಲಾದರೂ ಉಳಿದಿದ್ದರೆ, ಆ ಸಾಲಿನ ಮೊದಲಿಗೆ ‘ಸಾಮಾನ್ಯವಾಗಿ’ ಎಂದು ಸೇರಿಸಿಕೊಳ್ಳಿರಿ.